ಗದ್ದಲಕ್ಕೆ ಕ್ಷಮೆ

ನಮ್ಮ ಕಾರು ಕಂಪನಿಯಲ್ಲಿ ಕ್ಷಮಾಪಣೆ ಬರೆಯುವುದು ನನ್ನ ಕೆಲಸ. ಬ್ರೇಕು ಹಿಡಿಯದಿದ್ದರೂ, ಬಾಗಿಲು ಕಳಚಿದರೂ ವಾಕ್ಯ ಒಂದೇ: 'ಲೋಕದಲ್ಲಿ ಗದ್ದಲ ಎಬ್ಬಿಸಿದ್ದಕ್ಕೆ ಕ್ಷಮೆ ಕೋರುತ್ತೇವೆ.' ಮಾಡಿದ ತಪ್ಪಿಗಲ್ಲ, ಆದ ಗದ್ದಲಕ್ಕೆ. ಜಪಾನಿನ ದೊಡ್ಡವರೆಲ್ಲ ಕ್ಷಮೆ ಕೇಳುವುದೇ ಹೀಗೆ. ಬರೆದೂ ಬರೆದೂ ನನಗೆ ಸಾಕಾಗಿ ಹೋಗಿದೆ.

ಈ ಸಲ ಪತ್ರಿಕೆಯವರ ಮುಂದಲ್ಲ, ಹಿಬಿನೊ ಎಂಬವರ ಮನೆಗೇ ಹೋಗಬೇಕಿತ್ತು. ಅವರ ಮಗಳು ಚಿಜುರು ನಮ್ಮ ಕಾರಿನಲ್ಲಿ ಸತ್ತಿದ್ದಳು. ಡಿಕ್ಕಿಯಾದಾಗ ಏರ್‌ಬ್ಯಾಗ್ ತೆರೆದುಕೊಂಡಿರಲಿಲ್ಲ. ಸರ್ಕಾರದ ಪರೀಕ್ಷೆಗೆ ಕಳಿಸಿದ ಕಾರಿನಲ್ಲಿ ಮಾತ್ರ ನಮ್ಮವರು ಬೇರೆ ತಂತಿ ಎಳೆದು ಅದು ತೆರೆಯುವಂತೆ ಮಾಡಿದ್ದರು. ಹಾಗೆ ತೀರ್ಮಾನವಾದ ಸಭೆಯಲ್ಲಿ ನಿರ್ದೇಶಕ ನಾಗತ್ಸುಕರಿದ್ದರು. ಚಹಾ ಹಂಚುತ್ತಾ ನಾನೂ ಇದ್ದೆ. ಹಿಬಿನೊ ಹೇಳಿ ಕಳಿಸಿದ್ದು ಇಷ್ಟೇ: ನಿಮಗೆ ಮೊದಲೇ ಗೊತ್ತಿತ್ತೇ ಎಂಬುದನ್ನು ನನ್ನ ಮಗಳ ಫೋಟೋ ಮುಂದೆ ಬಂದು ಹೇಳಿ.

"ಸುಗಿಯುರ ಅವರೇ, ನೀವು ಬರೆದಿದ್ದಷ್ಟೇ ಹೇಳ್ತೀನಿ. ಅದರ ಮೇಲೆ ಒಂದು ಮಾತೂ ಬೇಡ ಅಂದಿದಾರೆ ವಕೀಲ್ರು. ಎಷ್ಟು ಬಗ್ಗಬೇಕು?" ದಾರಿಯಲ್ಲಿ ನಾಗತ್ಸುಕ ಕೇಳಿದರು.

"ಹಣೆ ಚಾಪೆಗೆ ತಾಗ್ಬೇಕು ಸಾರ್."

"ಅಯ್ಯೋ, ನನ್ನ ಸೊಂಟ!"

ಸೊಂಟವಂತೆ. ಮೈಯೆಲ್ಲ ಉರಿಯಿತು, ಆದರೆ ಜಗಳವಾಡುವಷ್ಟು ತ್ರಾಣ ನನ್ನಲ್ಲಿರಲಿಲ್ಲ.

ಫೋಟೋ ಮುಂದೆ ಊದುಬತ್ತಿ ಹೊಗೆಯಾಡುತ್ತಿತ್ತು. ಕ್ಷಮೆ ಕೇಳಲು ಹೋದಾಗ ಕೊಡುವ ವಾಡಿಕೆಯ ಸಿಹಿಯ ಪೆಟ್ಟಿಗೆಯನ್ನು ನಾನು ಮುಂದಿಟ್ಟೆ. ಹಿಬಿನೊ ಅದನ್ನು ಮೆಲ್ಲಗೆ ನನ್ನ ಕಡೆಗೇ ಸರಿಸಿದರು. ನಾಗತ್ಸುಕ ಹಣೆಯನ್ನು ಚಾಪೆಗೆ ಒತ್ತಿ ನನ್ನ ವಾಕ್ಯವನ್ನು ಒಂದಕ್ಷರ ಬಿಡದೆ ಒಪ್ಪಿಸಿದರು. ಪಕ್ಕದಲ್ಲಿ ನಾನೂ ಬಗ್ಗಿದೆ.

"ಗದ್ದಲನಾ?" ಎಂದರು ಹಿಬಿನೊ. "ಯಾವ ಗದ್ದಲ ಸ್ವಾಮಿ? ನನ್ನ ಮಗಳಿಗೆ ಕೂಗೋಕೂ ಟೈಮ್ ಸಿಗ್ಲಿಲ್ಲ. ನಿಮ್ಮ ಗಾಳಿ ಚೀಲ ಅಂತೂ ಟುಸ್ ಅನ್ನಲಿಲ್ಲ. ನಾನೂ ಇಷ್ಟು ದಿನ ಬಾಯಿ ಮುಚ್ಕೊಂಡೇ ಇದೀನಿ. ತಲೆ ಎತ್ತಿ. ಗೊತ್ತಿತ್ತೋ ಇಲ್ವೋ, ಅಷ್ಟು ಹೇಳಿ ಸಾಕು."

ನಾಗತ್ಸುಕ ತಲೆ ಎತ್ತಲಿಲ್ಲ. ಅಷ್ಟು ಬಗ್ಗಿದವರನ್ನು ಕೆದಕಿ ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಅದು ನಾಗತ್ಸುಕರಿಗೂ ಚೆನ್ನಾಗಿ ಗೊತ್ತು. ಹೀಗೆ ಅಡಗಿಕೊಳ್ಳಲು ಎಷ್ಟು ಜನಕ್ಕೆ ನಾನೇ ಜಾಗ ಮಾಡಿಕೊಟ್ಟಿದ್ದೇನೋ. ಚಾಪೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಸಾಕಪ್ಪಾ ಸಾಕು ಅನ್ನಿಸಿತು. ಎದ್ದು ಕೂತೆ.

"ಗೊತ್ತಿತ್ತು," ಎಂದೆ. "ಇವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು."

"ಸುಗಿಯುರ!" ಎಂದು ನಾಗತ್ಸುಕ ಬಗ್ಗಿದಲ್ಲಿಂದಲೇ ಗದರಿದರು.

ಹಿಬಿನೊ ನಮ್ಮಿಬ್ಬರನ್ನೂ ನೋಡಲಿಲ್ಲ. ಫೋಟೋದತ್ತ ತಿರುಗಿ, ಸತ್ತವರೊಡನೆ ಮಾತಾಡುವ ಮುನ್ನ ಬಾರಿಸುವ ಪುಟ್ಟ ಗಂಟೆಯನ್ನು ಒಮ್ಮೆ ಬಾರಿಸಿದರು.

"ಕೇಳಿಸ್ತೇನಮ್ಮಾ ಚಿಜುರು? ಗೊತ್ತಿತ್ತಂತೆ."