ತೂಬು ಕಿತ್ತ ಹನ್ನೊಂದು ಮಂದಿ

ಸೀಸನ್ ಮುಗಿದ ಮೇಲೆ ಫುಟ್‌ಬಾಲ್ ಆಟಗಾರರಿಗೆ ಸ್ವಲ್ಪ ತಲೆ ತಿರುಗುವುದು ಸಹಜವಂತೆ. ಹತ್ತು ತಿಂಗಳು ಅನ್ನ ತೂಗಿ ತಿಂದು, ಕೋಚ್ ಊದಿದ ಸೀಟಿಗೆಲ್ಲ ಓಡಿ, ಕೊನೆಗೆ ಹಗ್ಗ ಬಿಚ್ಚಿದ ಕರುಗಳಂತಾಗುತ್ತಾರಂತೆ. ಟೀವಿಯಲ್ಲಿ ಯಾರೋ ಹೀಗೆ ಸಮಜಾಯಿಷಿ ಕೊಡುತ್ತಿದ್ದ. ಕರುವಿಗೆ ಇದಕ್ಕಿಂತ ಹೆಚ್ಚು ಬುದ್ಧಿ ಇರುತ್ತದೆ ಎಂಬುದು ನೀರುಗಂಟಿ ಚಿಕ್ಕಬೀರಪ್ಪನ ಖಚಿತ ಅಭಿಪ್ರಾಯ.

ತೊಗರ್ಸಿ ಕಡೆಯ ಆ ಊರಿನಲ್ಲಿ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಮೂವತ್ತು ವರ್ಷದಿಂದ ಅವನ ಕೆಲಸ. ಮೇ ತಿಂಗಳಲ್ಲಿ ಮಾತ್ರ ಅವನು ಯಾರಿಗೂ ತೂಬು ಎತ್ತುವುದಿಲ್ಲ. ತಳದಲ್ಲಿ ಉಳಿದ ನೀರು ಮಳೆ ಬರುವವರೆಗೆ ದನಗಳಿಗೆ. ಅದನ್ನು ಕೇಳಲು ಬಂದವರು ಅವನಿಂದ ಬೈಸಿಕೊಂಡೇ ಹೋಗಿದ್ದಾರೆ.

ಆ ಸೋಮವಾರ ಅವನು ನೆಂಟರ ಮದುವೆಗೆ ಶಿಕಾರಿಪುರಕ್ಕೆ ಹೋಗಿದ್ದ. ಬೆಂಗಳೂರಿನ ಕ್ಲಬ್ಬಿನಲ್ಲಿ ಆಡುವ ಇದೇ ಊರಿನ ಮಲ್ಲಿಕಾರ್ಜುನ್ ತನ್ನ ತಂಡವನ್ನು ಸೊರಬ ರಸ್ತೆಯ ರೆಸಾರ್ಟಿಗೆ ಮೋಜಿಗೆ ಕರೆತಂದಿದ್ದ. ಮಧ್ಯಾಹ್ನ ಬಿಯರ್ ಏರಿಸಿಕೊಂಡ ಹನ್ನೊಂದು ಮಂದಿ ಜೀಪು ಹತ್ತಿ ಕೆರೆಗೆ ಬಂದರು. ನೀರು ಧುಮುಕುವಲ್ಲಿ ನಿಂತು ಕುಣಿದರೆ ವಿಡಿಯೋ ಚೆನ್ನಾಗಿ ಬರುತ್ತದೆಂದು ಕ್ಯಾಪ್ಟನ್ನನಿಗೆ ಹೊಳೆಯಿತು. ತೂಬಿನ ಬೆಣೆಯನ್ನು ಎಲ್ಲರೂ ಸೇರಿ ಕಿತ್ತರು. ಕಿತ್ತದ್ದನ್ನು ಮತ್ತೆ ಹಾಕಲು ಒಬ್ಬನಿಗೂ ಬರಲಿಲ್ಲ. ಬೆಣೆಯನ್ನು ದಡದಲ್ಲೇ ಬಿಸಾಕಿ, ಮೈ ಒರೆಸಿಕೊಂಡು ಹೊರಟುಹೋದರು.

ಚಿಕ್ಕಬೀರಪ್ಪ ಸಂಜೆ ಬಂದು ನೋಡಿದರೆ ಕೆರೆಯಲ್ಲಿ ಕೆಸರು, ಕೆಸರಿನಲ್ಲಿ ಒದ್ದಾಡುವ ಮೀನು. ಕೊಯ್ದು ಬಿಟ್ಟ ಕೂಳೆ ಗದ್ದೆಗಳಲ್ಲಿ ಯಾರಿಗೂ ಬೇಡದ ನೀರು ಇಂಗುತ್ತಿತ್ತು. ಅವನಿಗೆ ಅಳು ಬಂತು. ಅಷ್ಟು ಹೊತ್ತಿಗೆ ಆ ಕುಣಿತವನ್ನು ತಾಲ್ಲೂಕೆಲ್ಲ ಮೊಬೈಲಿನಲ್ಲಿ ನೋಡಿಯಾಗಿತ್ತು.

ಮರುದಿನ ತಂಡ ಕ್ಷಮೆ ಕೇಳಲು ಬಂತು. ಬೈಯಲು ಸೇರಿದ್ದ ಊರು ಸೆಲ್ಫಿಗೆ ಮುಗಿಬಿತ್ತು. ಕೆರೆ ಸಮಿತಿಯ ಅಧ್ಯಕ್ಷ ಪರಮಶಿವಪ್ಪ, ಎಲ್ಲರ ರುಜು ಇದ್ದ ಚೆಂಡನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಕ್ಯಾಪ್ಟನ್ನನಿಗೆ ಶಾಲು ಹೊದಿಸಿದ. ಇಂಥ ನಾಚಿಕೆಗೆಟ್ಟ ಸನ್ಮಾನವನ್ನು ಚಿಕ್ಕಬೀರಪ್ಪ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ಅಧ್ಯಕ್ಷರ, ದನಕ್ಕೆ ಆ ಚೆಂಡು ಕುಡಿಸೋದೇನ್ರಿ?" ಎಂದ.

"ಹೋಗ್ಲಿ ಬಿಡೋ ಬೀರಪ್ಪ, ಹುಡುಗ್ರು," ಎಂದ ಪರಮಶಿವಪ್ಪ. "ನೀನೂ ತೂಬಿನ ಕಾವಲು ಬಿಟ್ಟು ಮದುವಿ ಊಟಕ್ಕ ಹೋಗಬಾರದಿತ್ತು."

ಬುಧವಾರ ಹತ್ತು ಗಂಟೆಗೆ ಚಿಕ್ಕಬೀರಪ್ಪ ಊರಿನ ನಲವತ್ತು ಎಮ್ಮೆ ಹೊಡೆದುಕೊಂಡು ರೆಸಾರ್ಟಿಗೆ ಹೋದ. ನಲವತ್ತು ಎಮ್ಮೆ ತಡೆಯುವಷ್ಟು ಸಂಬಳ ಗೇಟಿನವನಿಗೆ ಇರಲಿಲ್ಲ. ಹಿಂದೆ ಮಲ್ಲಿಕಾರ್ಜುನನ ತಾಯಿ ಹಾಲಮ್ಮ ತನ್ನೆರಡು ಎಮ್ಮೆಗಳೊಂದಿಗೆ ಬರುತ್ತಿದ್ದಳು. ಈಜುಕೊಳದಲ್ಲಿ ಗಾಳಿಹಾಸಿಗೆ ಮೇಲೆ ಮಲಗಿ ತೇಲುತ್ತಿದ್ದ ಕ್ಯಾಪ್ಟನ್, ಪಕ್ಕಕ್ಕೆ ಎಮ್ಮೆ ಧುಮುಕಿದ್ದೇ ತಡ, ಕಿರುಚಿಕೊಂಡು ನೀರಿಗೆ ಬಿದ್ದ. ಮಿಕ್ಕ ವೀರರು ಕುರ್ಚಿ ಹತ್ತಿದರು.

ಮಲ್ಲಿಕಾರ್ಜುನ್ ಓಡಿಬಂದ. "ಕಾಕಾ, ಹೊರಗ ಹೊಡೀರಿ! ಔಷಧಿ ಹಾಕ್ಯಾರ, ಇದು ಕುಡಿಯೋ ನೀರಲ್ಲ!"

"ಕುಡಿಯೋ ನೀರಿನಾಗ ನೀವು ಮೊನ್ನೆ ಕುಣದ್ರಲ್ಲ ತಮ್ಮಾ."

ಹಾಲಮ್ಮ ಸೀದಾ ಅಡುಗೆಮನೆಯ ಹಿಂದಿನಿಂದ ಬಕೆಟ್ ತಂದು ಮಗನ ಮುಂದೆ ಕುಕ್ಕಿದಳು. "ಅಲ್ಲಿ ನಲ್ಲಿ ಐತಿ. ತುಂಬಿಕೊಂಡು ಬಂದು ಕುಡಿಸು. ನಿನ್ನ ದೋಸ್ತರನ್ನೂ ಕುರ್ಚಿಯಿಂದ ಇಳಿಸು."

"ಅವ್ವಾ, ಎಲ್ಲಾರೂ ವಿಡಿಯೋ ಮಾಡಾಕತ್ಯಾರ..."

"ಮಾಡ್ಲಿ. ಮೊನ್ನೆ ನೀವೇ ಮಾಡ್ಕೊಂಡಿರಲ್ಲ."

ಒಂದೊಂದು ಎಮ್ಮೆಗೆ ಮೂರು ಬಕೆಟ್. ತೊಂಬತ್ತು ನಿಮಿಷ ಓಡುವ ಕಾಲುಗಳು ಹತ್ತನೆಯ ಬಕೆಟ್ಟಿಗೇ ನಡುಗತೊಡಗಿದವು. ಚಿಕ್ಕಬೀರಪ್ಪ ಹುಲ್ಲಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡ. ಇಷ್ಟು ಸೊಗಸಾದ ಆಟವನ್ನು ಅವನು ನೋಡಿದ್ದು ಇದೇ ಮೊದಲು.

ಕೊನೆಯ ಎಮ್ಮೆಗೆ ನೀರಾದ ಗಳಿಗೆಗೇ ತಂಡ ಬಸ್ಸು ಹತ್ತಿತು. ಮಲ್ಲಿಕಾರ್ಜುನನೂ ಬ್ಯಾಗು ಹೊತ್ತು ಓಡಿದ. ಹಾಲಮ್ಮ ಮೆಟ್ಟಿಲಲ್ಲೇ ಅವನ ಬ್ಯಾಗು ಹಿಡಿದು ಎಳೆದಳು.

"ಅವ್ರು ಪರಊರವ್ರು, ಹೋಗ್ಲಿ. ನೀ ಎಲ್ಲಿಗೆ? ಎಮ್ಮಿ ನಾಳೆನೂ ನೀರು ಕುಡೀತಾವ, ಮಳಿ ಬರೋತನಕ ದಿನಾ ಕುಡೀತಾವ."