ಅತ್ತಿಗೆಯ ಹೊಟ್ಟೆ, ಅತ್ತಿಗೆಯ ಚುಕ್ಕಾಣಿ

ನಮ್ಮ ಸೋದರಮಾವನ ಹೆಂಡತಿ ಭಾರ್ಗವಿ ಅತ್ತೆ ಎರಡು ದೋಣಿ ನೆಂಟರನ್ನೂ ಬುಟ್ಟಿಗಟ್ಟಲೆ ಸಿಹಿ ಉಣ್ಣಿಯಪ್ಪವನ್ನೂ ಹೇರಿಕೊಂಡು ನಮ್ಮ ಮನೆ ಮುಂದಿನ ಮೆಟ್ಟಿಲಿಗೆ ಬಂದಿಳಿದಾಗ ನಾನು ಮೀನು ಉಜ್ಜುತ್ತ ಕೂತಿದ್ದೆ.

"ಸುಧರ್ಮ ಎಲ್ಲೇ ವಿಲಾಸಿನಿ? ಹೊಟ್ಟೆ ನೋಡೋಕೆ ಬಂದ್ವಿ!"

ಬಸುರಿಯ ಹೊಟ್ಟೆ ನೋಡಲು ನೆಂಟರು ತಿಂಡಿ ಹೊತ್ತು ಬರುವುದು ನಮ್ಮ ಕುಟ್ಟನಾಡಿನಲ್ಲಿ ವಾಡಿಕೆ. ಆದರೆ ನಮ್ಮ ಸುಧರ್ಮ ಅತ್ತಿಗೆಗೆ ನಲವತ್ತಾರು ವರ್ಷ, ಅವಳ ಮಗಳಿಗೆ ಗಂಡು ನೋಡುತ್ತಿದ್ದೆವು. ನಮ್ಮಣ್ಣ ಹಿತ್ತಿಲ ಬಾಗಿಲಿನಿಂದ ಕಾಲಿಗೆ ಬುದ್ಧಿ ಹೇಳಿದ. ಅತ್ತಿಗೆ ಸೊಂಟಕ್ಕೆ ಕೈಕೊಟ್ಟು ಹೊರಗೆ ಬಂದಳು. ಭಾರ್ಗವಿ ಅತ್ತೆಯನ್ನು ಬೈದು ಪ್ರಯೋಜನವಿಲ್ಲ, ಯಾರು ನೋಡಿದರೂ ಏಳು ತಿಂಗಳು ಅನ್ನುತ್ತಿದ್ದರು.

"ತಿಂಡಿ ಇಟ್ಟು ಹೋಗಿ ಅತ್ತೆ. ಕೂಸಿಲ್ಲ. ಗರ್ಭಕೋಶದಲ್ಲಿ ಗಡ್ಡೆ."

"ಗಡ್ಡೆನಾ? ಅಯ್ಯೋ ಮಗಳೇ, ನನಗೂ ಇತ್ತು. ಇಲ್ಲಿಂದ ಇಲ್ಲಿಗೆ ಕೊಯ್ದು ತೆಗೆದ್ರು. ಅವತ್ತಿಂದ ಒಂದು ಕೊಡ ನೀರು ಎತ್ತಿಲ್ಲ ನಾನು. ನಿನ್ನ ದೋಣಿ ಕತೆ ಮುಗೀತು ಅಂದ್ಕೋ."

ಅತ್ತಿಗೆಯ ಮುಖ ಕಪ್ಪಿಟ್ಟಿತು. ಗಡ್ಡೆ ಇದೆ ಎಂದಾಗಲೂ ಅವಳು ಹಾಗಾಗಿರಲಿಲ್ಲ.

ಓಣಂ ಪಂದ್ಯದಲ್ಲಿ ನಮ್ಮೂರ ಹೆಂಗಸರ ದೋಣಿಗೆ ಅವಳೇ ಚುಕ್ಕಾಣಿ. ಹಿಂದುಗಡೆ ನಿಂತು, ತನಗಿಂತ ಉದ್ದದ ಹುಟ್ಟು ಹಿಡಿದು, ಕಾಲಿನಿಂದ ಹಲಗೆ ಗುದ್ದುತ್ತ ದೋಣಿ ನಡೆಸುತ್ತಾಳೆ. ನಾಲ್ಕು ವರ್ಷದಿಂದ ತಿಂಗಳು ತಿಂಗಳೂ ಮೈಯಲ್ಲಿ ರಕ್ತ ನಿಲ್ಲದಷ್ಟು ಹೋಗುತ್ತಿದ್ದರೂ ಅವಳು ಆ ಜಾಗ ಬಿಟ್ಟಿರಲಿಲ್ಲ. ಹೋದ ವರ್ಷ ಮಾತ್ರ ಪಂದ್ಯದ ದಿನವೇ ರಕ್ತ ಹಾಕಿಸಿಕೊಳ್ಳಲು ಆಸ್ಪತ್ರೆ ಸೇರಬೇಕಾಗಿ, ಚುಕ್ಕಾಣಿ ನನ್ನ ಕೈಗೆ ಬಂತು. ದೋಣಿ ನೆಟ್ಟಗೆ ಹೋಗಿ ಮಂತ್ರಿಗಳ ಚಪ್ಪರಕ್ಕೆ ಗುದ್ದಿತು. ಊರವರು ಇನ್ನೂ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ.

ಆಲಪ್ಪುಳದ ಡಾಕ್ಟರ್ ರೆಮಾ ಕುರುವಿಳ ಸ್ಕ್ಯಾನ್ ನೋಡಿ, ಹೊಟ್ಟೆ ಒತ್ತಿ ನೋಡಿ, ಮುಚ್ಚುಮರೆಯಿಲ್ಲದೆ ಹೇಳಿದರು.

"ಗರ್ಭಕೋಶ ಹೊಕ್ಕುಳ ದಾಟಿ ಮೇಲೆ ಬಂದಿದೆ. ತೆಗೀಲೇಬೇಕು. ಸಣ್ಣ ತೂತು ಮಾಡಿ, ಕ್ಯಾಮೆರಾ ಬಿಟ್ಟು ತೆಗೆಯೋಕೆ ನೋಡ್ತೀನಿ. ರಕ್ತ ಕೈಮೀರಿದ್ರೆ ಮಾತ್ರ ಹೊಟ್ಟೆ ಕೊಯ್ಯಬೇಕಾಗುತ್ತೆ."

"ಸಣ್ಣ ತೂತಾದ್ರೆ ಓಣಂಗೆ ದೋಣಿ ಹತ್ತಬಹುದಾ?"

"ಇನ್ನೂ ನಾಲ್ಕು ತಿಂಗಳಿದೆ. ಒಳಗಿನ ಹೊಲಿಗೆ ಚೆನ್ನಾಗಿ ಮಾಯ್ದರೆ ಹತ್ತಬಹುದು."

"ಕೊಯ್ದರೆ?"

"ಈ ವರ್ಷ ದಡದಲ್ಲಿ ಕೂತು ಕೂಗಿ."

"ದಡದಲ್ಲಿ ಕೂರೋದಕ್ಕೆ ನಮ್ಮ ನಾದಿನಿ ಇದ್ದಾಳೆ ಡಾಕ್ಟ್ರೇ. ನನ್ನನ್ನ ನೀರಿಗೆ ಕಳಿಸಿ."

ಆಪರೇಷನ್ ದಿನ ನಮ್ಮ ದೋಣಿಯ ಹೆಂಗಸರೆಲ್ಲ ಬೆಳಿಗ್ಗೆಯ ಬೋಟಿಗೇ ಬಂದು ಥಿಯೇಟರ್ ಬಾಗಿಲ ಮುಂದೆ ಕೂತರು. ಕಾವಲುಗಾರ ಬೈದ, ಇವರು ತಿರುಗಿ ಬೈದರು, ಅವನು ಸುಮ್ಮನಾದ. ಭಾರ್ಗವಿ ಅತ್ತೆಯೂ ಬಂದಿದ್ದರು, ಬರದೆ ಇರುತ್ತಾರೆಯೇ? ನನಗೆ ಕೂತರೆ ನಿಲ್ಲಬೇಕು, ನಿಂತರೆ ಕೂರಬೇಕು.

ಕೊನೆಗೂ ಒಬ್ಬ ನರ್ಸ್ ತಲೆ ಹೊರಗೆ ಹಾಕಿದಳು. "ಸುಧರ್ಮ ಕಡೆಯವರು ಯಾರು? ತೆಗೆದದ್ದನ್ನ ಬಂದು ನೋಡಿ."

ನಮ್ಮ ಕಡೆ ಹಾಗೇ. ಒಳಗಿಂದ ತೆಗೆದದ್ದನ್ನು ಮನೆಯವರಿಗೆ ತೋರಿಸಬೇಕು, ಇಲ್ಲದಿದ್ದರೆ ನಾವು ನಂಬುವ ಪೈಕಿ ಅಲ್ಲ. ಅಣ್ಣ ಗೋಡೆಗೆ ಆತುಕೊಂಡು ಬಿಳಿಚಿಕೊಂಡ. ನಾನೂ ಭಾರ್ಗವಿ ಅತ್ತೆಯೂ ಹೋದೆವು.

ನರ್ಸ್ ಸ್ಟೀಲ್ ಬೋಗುಣಿಯ ಮೇಲಿನ ಬಟ್ಟೆ ಸರಿಸಿದಳು. ಇಡಿಯಾದ ಗಡ್ಡೆ ಎಲ್ಲಿದೆ? ಸಿಪ್ಪೆ ತೆಗೆದು ಕೊಚ್ಚಿದ ಮರಗೆಣಸಿನಂತೆ ಬಿಳಿಚು ತುಂಡುಗಳು, ಬೋಗುಣಿಯ ಅಂಚಿನ ತನಕ.

ಅತ್ತೆ ನನ್ನ ತೋಳು ಹಿಡಿದರು. "ಬೆರಳಷ್ಟು ತೂತಿಂದ ಇಷ್ಟೆಲ್ಲ ಬರುತ್ತಾ? ಕೊಯ್ದ್ರು ಕಣೇ! ಕೊಯ್ದೇಬಿಟ್ರು!"

ನರ್ಸ್ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಹೊರಗೆ ಓಡಿ ಸಾರಿಬಿಟ್ಟಿದ್ದರು. ಹೆಂಗಸರೆಲ್ಲ ಗೊಳೋ ಎಂದರು. ನಾನೂ ಅತ್ತುಬಿಟ್ಟೆ, ನಾಚಿಕೆಯಿಲ್ಲದೆ ಅತ್ತುಬಿಟ್ಟೆ. ಅತ್ತಿಗೆ ಎಚ್ಚರವಾಗಿ ಮೊದಲು ಕೇಳುವುದು ಅದೊಂದೇ ಮಾತು, ನಾನು ಏನು ಹೇಳಲಿ?

ಡಾಕ್ಟರ್ ಟೋಪಿ ಕಳಚುತ್ತ ಹೊರಗೆ ಬಂದರು. "ಯಾರು ಸತ್ರು ಇಲ್ಲಿ?"

"ಹೊಟ್ಟೆ ಕೊಯ್ದ್ರಲ್ಲ ಡಾಕ್ಟ್ರೇ!"

"ಯಾರು ಹೇಳಿದ್ದು? ಕೊಚ್ಚಿದ್ದು ಗಡ್ಡೆಯನ್ನ. ಒಳಗೇ ಒಂದು ಚೀಲಕ್ಕೆ ಹಾಕಿ, ಚೂರು ಮಾಡಿ, ಮಕ್ಕಳು ಬರೋ ದಾರೀಲೇ ತಂದ್ವಿ. ಹೊಟ್ಟೆ ಮೇಲೆ ನಾಲ್ಕು ಸಣ್ಣ ತೂತು, ಅಷ್ಟೇ. ನಾಳೆ ಎದ್ದು ಓಡಾಡ್ತಾರೆ."

ಭಾರ್ಗವಿ ಅತ್ತೆ ತಮ್ಮ ಹೊಟ್ಟೆ ಮುಟ್ಟಿಕೊಂಡರು. "ಹಾಗಾದ್ರೆ ನನ್ನನ್ಯಾಕೆ ಹಲಸಿನಹಣ್ಣು ಕೊಯ್ದಂಗೆ ಕೊಯ್ದ್ರು ಆ ಪಾಪಿಗಳು?"

ಅಷ್ಟರಲ್ಲಿ ಯಾರೋ "ಆರ್ಪೋ!" ಎಂದು ಕೂಗಿದರು. "ಇರ್ರೋ ಇರ್ರೋ!" ಎಂದು ಉಳಿದವರೆಲ್ಲ ಗಂಟಲು ಹರಿಯುವಂತೆ ಕೂಗಿದೆವು, ದೋಣಿಯಲ್ಲಿ ಕೂಗುವ ಹಾಗೆಯೇ. ಕಾವಲುಗಾರ ಈ ಸಲ ನಮ್ಮನ್ನು ನಿಜವಾಗಿಯೂ ಹೊರಗೆ ಹಾಕಿದ.

ಅತ್ತಿಗೆ ಮನೆಗೆ ಬಂದು ಜಗಲಿಯಲ್ಲೇ ಕೂತು ಇಡೀ ಮನೆಗೆ ಚುಕ್ಕಾಣಿ ಹಿಡಿದಳು. "ಹೊಲಿಗೆ ಮಾಯ್ದಿದೆ, ದೋಣಿ ಹತ್ತಿ" ಎಂದು ಡಾಕ್ಟರ್ ಹೇಳಿದ ದಿನ ನಮ್ಮ ಕಡೆ ಯಾರೂ ನಿದ್ದೆ ಮಾಡಲಿಲ್ಲ.

ಪಂದ್ಯಕ್ಕೆ ಬೇರೆ ಊರಿನ ಹೆಂಗಸರು ಹೊನ್ನಿನ ಜರಿಯಂಚಿನ ಬಿಳಿ ಮುಂಡು ಉಟ್ಟು ಬರುತ್ತಾರೆ. ನಾವು ಮಾತ್ರ ನಾಲ್ಕು ವರ್ಷದಿಂದ ಕಡುಗೆಂಪು ಸೀರೆ. ಅದು ಅತ್ತಿಗೆಯ ಆಜ್ಞೆ. ಏಕೆಂದು ಕೇಳಿದರೆ "ಕೆಸರು ಕಾಣಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದಳು, ನಾವು ಹಿಂದಿನಿಂದ ಅವಳನ್ನು ಬೈಯುತ್ತಿದ್ದೆವು. ಈ ಸಲ ಎಲ್ಲರಿಗೂ ಬಿಳಿ ಎಂದಳು. ಪಂದ್ಯದ ಬೆಳಿಗ್ಗೆ ಅವಳು ಅಚ್ಚ ಬಿಳಿಯಲ್ಲಿ ಮೆಟ್ಟಿಲಿಳಿದು ಬಂದಾಗ ನನಗೆ ಕಾಲೆಳೆಯದೆ ಇರಲಾಗಲಿಲ್ಲ.

"ಏನತ್ತಿಗೆ, ಈಗ ಕೆಸರು ಕಾಣಲ್ವಾ?"

"ಕಾಣಲಿ ಬಿಡೇ," ಎಂದು ಅವಳು ಹಿಂದುಗಡೆಯ ಹಲಗೆ ಹತ್ತಿ ನಿಂತಳು. "ಕೆಸರು ತಾನೆ."