ಬೇಡ ಎಂಬ ನಾಯಿ

ನಾಯಿಮರಿಗೆ ಹೆಸರಿಡುವುದು ಹುಡುಗಾಟದ ವಿಷಯವಲ್ಲ. ದೇಶಗಳ ಗಡಿಗೆರೆ ತಪ್ಪಾಗಿ ಬಿದ್ದರೆ ಮತ್ತೆ ಕೂತು ತಿದ್ದಬಹುದು, ಗೋಡೆ ಸೊಟ್ಟಗೆ ಎದ್ದರೆ ಕೆಡವಬಹುದು; ನಾಯಿಯೊಂದು ತನ್ನದೆಂದು ಒಪ್ಪಿಕೊಂಡ ಹೆಸರನ್ನು ಅದರ ಕಿವಿಯಿಂದ ಹೊರತೆಗೆಯುವ ಉಪಾಯ ಸುಲಭವಾಗಿ ಸಿಗುವಂಥದ್ದಲ್ಲ. ಆದ್ದರಿಂದಲೇ ಆ ಭಾನುವಾರ ಬೆಳಿಗ್ಗೆ ನ್ಯಾಯಾಲಯದಿಂದ ನಿವೃತ್ತನಾದ ಸ್ಟೆನೊನ ಮನೆಯ ನಡುಕೋಣೆಯಲ್ಲಿ ಮೂರು ಜನ ಸೇರಿದ್ದರು. ನಾಲ್ಕನೆಯಾಕೆ, ಆತನ ಹೆಂಡತಿ, ಮಂಚದ ಮೇಲೆ ದಿಂಬಿಗೊರಗಿದ್ದಳು. ವಿಚಾರಣೆಗೆ ಒಳಗಾಗಿದ್ದ ಪ್ರಾಣಿ ಆಗಷ್ಟೇ ಅಂದಿನ ಪತ್ರಿಕೆಯ ಸಂಪಾದಕೀಯವನ್ನು ತೋಯಿಸಿ, ತನ್ನ ಪಾಲಿನ ಅಭಿಪ್ರಾಯ ಮುಗಿಯಿತೆಂಬಂತೆ ರಟ್ಟಿನ ಪೆಟ್ಟಿಗೆಯ ಅಂಚು ಕಡಿಯುತ್ತಿತ್ತು.

"ರಾಜ ಅಂತ ಇಡಿ ಭಾವ. ನಮ್ಮ ಗೋದಾಮಿನಲ್ಲಿ ಆಗಿಹೋದ ನಾಯಿಗಳೆಲ್ಲ ರಾಜಂದಿರೇ," ಎಂದ ಸ್ಟೆನೊನ ಭಾವಮೈದ. ಮರಿಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ತಂದವನು ಅವನೇ. ಸರಕಿನ ಗೋದಾಮೊಂದರಲ್ಲಿ ಅವನು ಮೇಸ್ತ್ರಿ. ಅಲ್ಲಿಯ ಹೆಣ್ಣುನಾಯಿ ಹಾಕಿದ ಆರು ಮರಿಗಳಲ್ಲಿ ಲಾರಿ ಗಾಲಿಗೆ ಸಿಗದೆ ಉಳಿದದ್ದು ಇದೊಂದೇ. ಕಂದು ಮೈ, ಒಂದು ಕಿವಿ ನೆಟ್ಟಗೆ, ಇನ್ನೊಂದಕ್ಕೆ ಆ ಕೆಲಸದಲ್ಲಿ ಆಸಕ್ತಿಯಿರಲಿಲ್ಲ.

"ಈ ಮುಖಕ್ಕೆ ರಾಜ ಅಂತೆ. ಮಾವ, ನೀವೊಬ್ರು," ಎಂದಳು ಮಗಳು. "ಬ್ರೂನೊ ಅನ್ನೋಣ. ಏನಮ್ಮಾ, ಬ್ರೂನೊ ಚೆನ್ನಾಗಿದ್ಯಾ?"

"ಬೇಡ," ಎಂದಳು ಮಂಚದ ಮೇಲಿದ್ದಾಕೆ.

ಇದನ್ನು ಉತ್ತರವೆಂದು ಯಾರೂ ತಿಳಿಯಲಿಲ್ಲ. ಏಳು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದು ಸ್ನಾನದ ಮನೆಯಲ್ಲಿ ಬಿದ್ದ ಮೇಲೆ ಆಕೆಗೆ ಉಳಿದಿದ್ದುದು ಒಂದು ಕೈ, ಒಂದೂವರೆ ಕಾಲು ಮತ್ತು ಈ ಒಂದು ಮಾತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತಾರು ವರ್ಷ ಊರಿನವರ ಮಾತನ್ನೆಲ್ಲ ಒಂದು ತುದಿಯಿಂದ ಇನ್ನೊಂದು ತುದಿಗೆ ಮುಟ್ಟಿಸಿದವಳು. ಸಂಜೆ ಮನೆಗೆ ಬಂದ ಮೇಲೆ ಆಡುತ್ತಿದ್ದ ಸ್ವಂತ ಮಾತು ಬೇರೆ. "ಕೆಲವರಿಗೆ ಒಂದು ಬೈಗುಳ ಉಳಿಯುತ್ತೆ, ಕೆಲವರಿಗೆ ಮಗುವಿನ ಹೆಸರು. ಇವರಿಗೆ ಇದು ಉಳಿದಿದೆ," ಎಂದಿದ್ದರು ಡಾಕ್ಟರು. ತನ್ನ ಹೆಸರು ಉಳಿಯಲಿಲ್ಲವಲ್ಲ ಎಂದು ಮಗಳು ಸ್ವಲ್ಪ ನೊಂದುಕೊಂಡಿದ್ದಳು. ಹಸಿವಾದರೆ ಬೇಡ, ಹೊಟ್ಟೆ ತುಂಬಿದರೆ ಬೇಡ, ಕಿಟಕಿ ತೆರೆಯಿರಿ ಎನ್ನಲಿಕ್ಕೂ ಬೇಡ.

ಆ ಬೆಳಿಗ್ಗೆ ಒಂಬತ್ತು ಹೆಸರು ಕೂಗಿದರು. ಒಂಬತ್ತಕ್ಕೂ ಮರಿ ತಲೆಯೆತ್ತಲಿಲ್ಲ. ಒಂಬತ್ತಕ್ಕೂ ಆಕೆ ಬೇಡ ಎಂದಳು. ಕೊನೆಗೆ ಹೆಚ್ಚು ಸಲ ಕಿವಿಗೆ ಬಿದ್ದದ್ದು ಯಾವುದೆಂದು ಮರಿ ತಾನೇ ಲೆಕ್ಕ ಹಾಕಿಕೊಂಡಿತೋ ಏನೋ, ಹತ್ತನೆಯ "ಬೇಡ"ಕ್ಕೆ ಪೆಟ್ಟಿಗೆ ಬಿಟ್ಟು, ನೆಲದ ಮೇಲೆ ಜಾರುತ್ತ, ಮಂಚದ ಬುಡಕ್ಕೆ ಬಂದು ಆಕೆಯ ಜೋತುಬಿದ್ದ ಕೈಯನ್ನು ಮೂಸಿತು.

"ಸಭೆ ಮುಗೀತು," ಎಂದ ಮೇಸ್ತ್ರಿ. "ಅಕ್ಕನೇ ಹೆಸರಿಟ್ಟಳು."

ಆಕೆಯ ಮುಖದ ಎಡಗಡೆ ನಕ್ಕಿತು. ಬಲಗಡೆಗೆ ಅದು ಆಗುತ್ತಿರಲಿಲ್ಲ.

ಒಂದು ಮನೆಯಲ್ಲಿ ನಾಯಿಯ ಹೆಸರು ಬೇಡ ಎಂದಾದರೆ ಏನೇನು ಆಗಬಹುದೋ ಅದೆಲ್ಲ ಆಯಿತು. ಚಪ್ಪಲಿ ಕಚ್ಚಿದಾಗ ಸ್ಟೆನೊ "ಬೇಡ" ಎಂದರೆ ಅದು ಚಪ್ಪಲಿಯ ಸಮೇತ ಬಾಲ ಆಡಿಸುತ್ತ ಬರುತ್ತಿತ್ತು. ಆಕೆಯ ಕಾಲಿಗೆ ಕಟ್ಟುವ ಪಟ್ಟಿಯನ್ನು ಎಳೆದೊಯ್ದಾಗ ಕೂಗಿದರೆ ಇನ್ನೂ ಪ್ರೀತಿ. ಬೇರೆ ಯಾವ ಮಾತಿನಿಂದ ಗದರಿಸಬೇಕೆಂದು ಆತ ಯೋಚಿಸಿ "ನಿಲ್ಲಿಸು" ಎಂದು ನೋಡಿದ. ಮರಿ ಆತನನ್ನು ಹೊಸಬನನ್ನು ನೋಡುವಂತೆ ನೋಡಿತು. ನ್ಯಾಯಾಲಯದಲ್ಲಿ ಮೂವತ್ತನಾಲ್ಕು ವರ್ಷ ಸಾಕ್ಷಿಗಳ ಮಾತನ್ನು ಒಂದಕ್ಷರ ಬಿಡದಂತೆ ಬರೆದುಕೊಂಡ ಮನುಷ್ಯ, ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ನೆಲ ಒರೆಸುತ್ತ, ಒಂದು ಮಾತಿಗೆ ಒಂದೇ ಅರ್ಥವಿರಬೇಕೆಂಬ ತನ್ನ ಹಳೆಯ ನಂಬಿಕೆಯನ್ನೂ ಅದರ ಜೊತೆ ಒರೆಸಿಹಾಕಬೇಕಾಯಿತು. ಪೂರ್ತಿ ಹೋಗಲಿಲ್ಲ. ಕಲೆ ಉಳಿಯಿತು.

ಇನ್ನೊಂದೂ ಆಯಿತು. ಹಿಂದೆ ಆಕೆ ಬೇಡ ಎಂದರೆ ಮನೆಯಲ್ಲಿ ಏನೋ ಒಂದು ದೂರ ಹೋಗುತ್ತಿತ್ತು: ತಟ್ಟೆ, ಲೋಟ, ಬಂದವರು. ಈಗ ಅದೇ ಮಾತಿಗೆ ಒಂದು ಜೀವ ಓಡಿ ಬರುತ್ತಿತ್ತು. ಆಕೆ ಅದನ್ನು ಪರೀಕ್ಷಿಸಿದಳು. ಮೆಲ್ಲಗೆ ಅಂದಳು, ಬಂತು. ಎಳೆದು ಅಂದಳು, "ಬೇಡಾಽ", ಬಂತು. ಮರಿ ಅಡುಗೆಮನೆಯಲ್ಲಿದ್ದಾಗ ಗಂಟಲೆತ್ತಿ ಅಂದಳು. ಪಾತ್ರೆ ಉರುಳಿದ ಸದ್ದಿನ ಹಿಂದೆಯೇ ಬಂತು. ಮಾತು ಕಲಿಸಲು ವಾರಕ್ಕೆರಡು ಸಲ ಬರುತ್ತಿದ್ದ ಹುಡುಗಿ "ಅಂಕಲ್, ಆಂಟಿ ರಾಗ ಬದಲಾಯಿಸ್ತಿದ್ದಾರೆ, ಒಳ್ಳೇದು" ಎಂದಳು. ರಾಗವನ್ನು ಬರೆದುಕೊಳ್ಳುವ ಗುರುತು ಸ್ಟೆನೊ ಕಲಿತ ಶೀಘ್ರಲಿಪಿಯಲ್ಲಿ ಇರಲಿಲ್ಲ. ಆತ ತಲೆಯಾಡಿಸಿದ.

ಮರಿಗೆ ಐದು ತಿಂಗಳಾದಾಗ ಅದು ಒಂದು ತಪ್ಪು ಮಾಡಿತು. ಆಕೆಯ ವಾಕರಿನ ನಾಲ್ಕು ಕಾಲಿಗೂ ರಬ್ಬರಿನ ಟೊಪ್ಪಿಗಳಿದ್ದವು. ಹಲ್ಲು ಮೂಡುವ ನಾಯಿಗೆ ಅದಕ್ಕಿಂತ ರುಚಿಯಾದದ್ದು ಇನ್ನೊಂದಿಲ್ಲ. ಒಂದು ಟೊಪ್ಪಿ ಕಿತ್ತುಕೊಂಡು ಹಿಂಬಾಗಿಲ ಹತ್ತಿರ ಕೂತು ಅಗಿಯತೊಡಗಿತು. ಸ್ಟೆನೊ ಹಾಲು ತರಲು ಹೋಗಿದ್ದ. ಮಂಚದಿಂದ ಆಕೆ ಎಷ್ಟು ಸಲ ಕರೆದಳೋ, ಈ ಸಲ ಅದು ಬರಲಿಲ್ಲ. ಆಕೆ ಎದ್ದಳು. ವಾಕರ್ ಹಿಡಿದಳು. ಹೊಸ್ತಿಲ ಹತ್ತಿರ ಟೊಪ್ಪಿಯಿಲ್ಲದ ಕಾಲು ಜಾರಿತು.

ಆತ ಬಂದಾಗ ಆಕೆ ನೆಲದ ಮೇಲಿದ್ದಳು. ಮರಿ ಆಕೆಯ ಕಿವಿ ನೆಕ್ಕುತ್ತಿತ್ತು. ಮೂಳೆ ಮುರಿದಿರಲಿಲ್ಲ. ಮೊಣಕೈಯಿಂದ ಭುಜದವರೆಗೆ ಕಪ್ಪುಗಟ್ಟಿತು. ಆಕೆಯನ್ನು ಮಲಗಿಸಿದ ಮೇಲೆ ಆತ ಮಂಚದಿಂದ ಹೊಸ್ತಿಲಿಗೆ ನಡೆದು ನೋಡಿದ. ಹನ್ನೊಂದು ಹೆಜ್ಜೆ. ವ್ಯಾಯಾಮ ಮಾಡಿಸುವವನು ತೋಳು ಹಿಡಿದು ಹತ್ತು ತಿಂಗಳಿನಲ್ಲಿ ದಾಟಿಸಿದ್ದು ಮೂರು.

ಮಗಳು ಸಂಜೆಯೇ ಬಂದಳು. ತೋಳು ನೋಡಿ ಅತ್ತಳು. ಅತ್ತು ಮುಗಿಸಿ ಗಟ್ಟಿಯಾದಳು.

"ಅಪ್ಪಾ, ಇದನ್ನ ಮಾವನ ಹತ್ರ ವಾಪಸ್ ಕಳಿಸಿ. ಇವತ್ತು ತೋಳು, ನಾಳೆ ಸೊಂಟ ಮುರಿದ್ರೆ?"

"ಹನ್ನೊಂದು ಹೆಜ್ಜೆ ನಡೆದಿದ್ದಾಳೆ ಕಣಮ್ಮ."

"ನಡೆದು ಬಿದ್ದಿದ್ದಾಳೆ. ಅದನ್ನೂ ಹೇಳಿ."

"ಅದನ್ನೂ ಹೇಳ್ತೀನಿ."

"ನಿಮ್ಮ ಕೈಲಿ ಎಷ್ಟಂತ ಆಗುತ್ತೆ? ಒಬ್ಬರನ್ನ ನೋಡ್ಕೊಳ್ಳೋದೋ, ಇಬ್ಬರನ್ನೋ? ಕನ್ನಡಿಯಲ್ಲಿ ಮುಖ ನೋಡ್ಕೊಂಡಿದೀರಾ?"

ಆತ ನೋಡಿಕೊಂಡಿರಲಿಲ್ಲ. ದಣಿವು ಎಂಬುದನ್ನು ಬೇರೆ ಯಾರಾದರೂ ಹೇಳಿದ ಮೇಲೆಯೇ ಅದು ಮೈಗೆ ಬರುವುದು. ಆತನಿಗೆ ತಟ್ಟನೆ ಕೂರಬೇಕೆನಿಸಿತು. ಕೂತ.

"ಅಮ್ಮನ್ನೇ ಕೇಳ್ತೀನಿ," ಎಂದಳು ಮಗಳು. "ಅಮ್ಮಾ, ಇಲ್ಲಿ ನೋಡು. ಈ ನಾಯಿ ಇಲ್ಲಿ ಬೇಕಾ, ಬೇಡ್ವಾ?"

ತನ್ನ ಹೆಸರು ಕೇಳಿ ಮರಿಯ ಒಂದು ಕಿವಿ ಎದ್ದಿತು.

ಈ ಪ್ರಶ್ನೆಯನ್ನು ಯಾವ ವಕೀಲನೂ ಆಕ್ಷೇಪಿಸದೆ ಬಿಡುತ್ತಿರಲಿಲ್ಲ. ಒಂದೇ ಉತ್ತರ ಗೊತ್ತಿರುವ ಸಾಕ್ಷಿಗೆ ಆ ಉತ್ತರವನ್ನೇ ಪ್ರಶ್ನೆಯೊಳಗಿಟ್ಟು ಕೇಳುವುದು. ಅದೂ ಆ ಉತ್ತರ ಎದುರಿಗೆ ನಾಲಿಗೆ ಚಾಚಿ ಕೂತಿರುವಾಗ. ಸ್ಟೆನೊಗೆ ಇದು ಗೊತ್ತಿತ್ತು. ಆದರೆ ಆಕ್ಷೇಪಣೆ ಎತ್ತುವುದು ಆತನ ಕೆಲಸವಾಗಿರಲಿಲ್ಲ, ಎಂದೂ ಆಗಿರಲಿಲ್ಲ.

ಆಕೆ ಮಗಳನ್ನು ನೋಡಿದಳು, ಗಂಡನನ್ನು ನೋಡಿದಳು. "ಬೇಡ," ಎಂದಳು. ಮರಿ ಎದ್ದು ಆಕೆಯ ಹತ್ತಿರ ಹೋಯಿತು. ಆಕೆ ಅದರ ಕತ್ತಿನ ತೊಗಲನ್ನು ಹಿಡಿದುಕೊಂಡಳು. "ಬೇಡ, ಬೇಡ."

"ಕೇಳಿದ್ರಲ್ಲ," ಎಂದಳು ಮಗಳು.

"ಕೇಳಿದೆ," ಎಂದ ಆತ.

ಮಾರನೆಯ ದಿನ ಮೇಸ್ತ್ರಿ ಬಂದು ಮರಿಯನ್ನು ಕರೆದೊಯ್ದ. ಪೆಟ್ಟಿಗೆಯಲ್ಲಿ ಅದು ಹಿಡಿಯಲಿಲ್ಲ, ಹಗ್ಗ ಕಟ್ಟಿದ.

ಆಮೇಲೆ ಆಕೆ ಬಾಗಿಲ ಕಡೆ ತಿರುಗಿ ಮಲಗತೊಡಗಿದಳು. ಲೋಟ ಹಿಡಿದು ಹೋದರೆ "ಬೇಡಾಽ" ಎನ್ನುವಳು. ಆತ ಲೋಟ ವಾಪಸು ತರುವನು. ಕಿಟಕಿ ತೆರೆಯಲಾ ಎಂದರೆ "ಬೇಡಾಽ"; ಮುಚ್ಚಿದ. ದೀಪ ಆರಿಸಿದ, ರೇಡಿಯೊ ನಿಲ್ಲಿಸಿದ. ಹೇಳಿದ್ದನ್ನು ಹೇಳಿದಂತೆ ಪಾಲಿಸಿದ. ಮನೆ ಒಂದೊಂದಾಗಿ ಎಲ್ಲವನ್ನೂ ಕಳೆದುಕೊಂಡು ಸ್ವಚ್ಛವಾಯಿತು, ಒರೆಸುವುದಕ್ಕೂ ಏನಿಲ್ಲದಂತಾಯಿತು.

ಮೂರು ವಾರವಾದ ಮೇಲೆ ಒಂದು ಬೆಳಿಗ್ಗೆ ಆತ ಹಾಲಿನ ಲೋಟ ಆಕೆಯ ಕೈಗೆ ಕೊಟ್ಟ. ಆಕೆ ಬಾಗಿಲ ಕಡೆ ನೋಡಿ "ಬೇಡಾಽ" ಎಂದಳು. ಆತ ಲೋಟ ತೆಗೆದುಕೊಳ್ಳಲು ಹೋದ, ಆಕೆ ಬಿಡಲಿಲ್ಲ. ಎಳೆದ, ಬಿಡಲಿಲ್ಲ. ಲೋಟವನ್ನು ಬಿಗಿಯಾಗಿ ಹಿಡಿದುಕೊಂಡು, ಅದರ ಕಡೆ ನೋಡದೆ, ಬಾಗಿಲಿಗೆ ಇನ್ನೊಮ್ಮೆ ಹೇಳಿದಳು. ಹಾಲು ಇಬ್ಬರ ಕೈಮೇಲೂ ತುಳುಕಿತು.

ಆತ ಕೈ ಒರೆಸಿಕೊಂಡ. ಚಪ್ಪಲಿ ಮೆಟ್ಟಿಕೊಂಡ. ಎಡಗಾಲಿನದು ಅರ್ಧವೇ ಇತ್ತು.

ಗೋದಾಮಿನ ಅಂಗಳದಲ್ಲಿ ಲಾರಿಯೊಂದು ಹಿಂದಕ್ಕೆ ಸರಿಯುತ್ತಿತ್ತು. ಮೇಸ್ತ್ರಿ ಕೈ ಬೀಸಿ ಅದನ್ನು ನಿಲ್ಲಿಸಿ ಬಂದ. "ಬನ್ನಿ ಭಾವ. ನಾಯಿ ನೋಡೋಕೆ ಬಂದ್ರಾ? ಅದರ ಹೆಸರೀಗ ಟಯರ್ರು. ಹಳೇ ಟಯರಿನೊಳಗೇ ಮಲಗುತ್ತೆ."

ಟಯರು ಎದ್ದು ಬಂತು. ಉದ್ದವಾಗಿತ್ತು, ಪಕ್ಕೆಲುಬು ಕಾಣುತ್ತಿತ್ತು. ಆತನ ಅರ್ಧ ಚಪ್ಪಲಿಯನ್ನು ಮೂಸಿ ಗುರುತು ಹಿಡಿಯಿತು.

"ಕರ್ಕೊಂಡು ಹೋಗ್ತೀನಿ ಕಣಯ್ಯ."

"ಈಗ ಧಾರಾಳವಾಗಿ ಕರ್ಕೊಂಡು ಹೋಗಿ. ಬುದ್ಧಿ ಕಲಿಸಿದ್ದಾಯ್ತು. ಬಂದ ಹೊಸದರಲ್ಲಿ ಎಂಥಾ ಪೀಕಲಾಟ ಅಂತೀರಿ. ಲಾರಿ ಬರ್ತಿದೆ, ಬೇಡ ಬೇಡ ಅಂತ ಹಮಾಲರೆಲ್ಲ ಕಿರುಚಿದ್ರೆ, ಇದು ಗಾಲಿಗೆ ಅಡ್ಡವಾಗೇ ಕಿರುಚಿದವರ ಹತ್ರ ಓಡಿ ಬರೋದು. ಎರಡು ಸಲ ಕೂದಲೆಳೆಯಲ್ಲಿ ಉಳೀತು. ಇನ್ನೇನು ಮಾಡ್ಲಿ? ವಾಚ್‌ಮನ್‌ಗೆ ಹೇಳಿದೆ. ಅವನ ಹತ್ರ ಒಂದು ರಬ್ಬರ್ ಪೈಪಿದೆ. ಈಗ ನೋಡಿ."

ಮೇಸ್ತ್ರಿ ನಾಯಿಯ ಕಡೆ ತಿರುಗಿ, ಜೋರಾಗಿಯೂ ಅಲ್ಲ, "ಬೇಡ" ಎಂದ.

ನಾಯಿ ನೆಲಕ್ಕೆ ಚಪ್ಪಟೆಯಾಯಿತು. ಅದರ ಹೊಟ್ಟೆಯ ಕೆಳಗಿನಿಂದ ಒದ್ದೆ ಹರಡಿತು.

"ಇಲ್ಲದಿದ್ರೆ ಸತ್ತೇಹೋಗ್ತಿತ್ತು ಭಾವ," ಎಂದ ಮೇಸ್ತ್ರಿ. ಅದು ನಿಜವೇ ಆಗಿತ್ತು.

ಮನೆ ತಲುಪಿದಾಗ ನಾಲ್ಕು ಗಂಟೆ. ದಾರಿಯುದ್ದಕ್ಕೂ ಆತ ನಾಯಿಗೆ ಮಾತಾಡಲಿಲ್ಲ. ಬಾಗಿಲು ತೆರೆದದ್ದೇ ಆಕೆ ಎಡಗೈ ಊರಿ ಅರ್ಧ ಎದ್ದಳು. ಮೊದಲು ತಾನು ಹೋಗಿ ಆಕೆಗೆ ನಡೆದದ್ದು ಹೇಳಬೇಕೆಂದು ಆತ ದಾರಿಯಲ್ಲೆಲ್ಲ ಅಂದುಕೊಂಡು ಬಂದಿದ್ದ. ಹಗ್ಗ ಬಿಚ್ಚುವುದರಲ್ಲಿ ತಡವಾಯಿತು.

"ಬೇಡಾಽ," ಎಂದಳು ಆಕೆ. ಇಷ್ಟು ದಿನದಲ್ಲಿ ಇಷ್ಟು ಸ್ಪಷ್ಟವಾಗಿ, ಇಷ್ಟು ಉದ್ದವಾಗಿ ಅಂದಿರಲಿಲ್ಲ.

ನಾಯಿ ಹೊಸ್ತಿಲ ಮೇಲೆ ಕುಸಿಯಿತು. ಆಮೇಲೆ ಹೊಟ್ಟೆ ಎಳೆದುಕೊಂಡು, ಕೋಣೆಯಲ್ಲಿ ಕತ್ತಲಿದ್ದ ಒಂದೇ ಜಾಗಕ್ಕೆ, ಆಕೆಯ ಮಂಚದ ಕೆಳಗೆ, ಹೋಗಿ ಸೇರಿತು. ಆಕೆ ಬಗ್ಗಿ ಮೆಲ್ಲಗೆ ಇನ್ನೊಮ್ಮೆ ಕರೆದಳು. ಉಗುರುಗಳು ನೆಲ ಕೆರೆಯುತ್ತ ಗೋಡೆಯವರೆಗೆ ಹಿಂದೆ ಸರಿದದ್ದು ಇಬ್ಬರಿಗೂ ಕೇಳಿಸಿತು.

"ಅಲ್ಲಿ ಆ ಮಾತಿಗೆ ಹೊಡೆದಿದ್ದಾರೆ ಕಣೇ," ಎಂದ ಆತ. "ಲಾರಿಗೆ ಸಿಕ್ಕೀತು ಅಂತ. ನಾನೇ ಕಳಿಸಿದ್ದು. ನೀನು ಏನಂದೆ ಅಂತ ನಂಗೆ ಗೊತ್ತಿತ್ತು."

ಆಕೆ ಆತನನ್ನು ನೋಡಿದಳು. ಆ ಮಾತಿಗೆಂದು ತುಟಿ ಕೂಡಿಸಿದಳು. ಕೂಡಿದ ತುಟಿ ಹಾಗೇ ನಿಂತಿತು. ಎಡಗೈಯನ್ನು ಮಂಚದ ಅಂಚಿನಿಂದ ಕೆಳಗೆ ಇಳಿಬಿಟ್ಟಳು.

ಕೈ ಆ ದಿನವೆಲ್ಲ ಅಲ್ಲೇ ಇತ್ತು, ಮಾರನೆಯ ದಿನವೂ ಇತ್ತು. ಮಾತ್ರೆ ಕೊಟ್ಟರೆ ನುಂಗಿದಳು, ಹಾಲು ಕೊಟ್ಟರೆ ಕುಡಿದಳು, ಸಾಕಾದಾಗ ಮುಖ ತಿರುಗಿಸಿದಳು. ಮಾತು ಕಲಿಸುವ ಹುಡುಗಿ ಮೂರು ಸಲ ಬಂದು, ಚಿತ್ರಗಳನ್ನು ತೋರಿಸಿ, ಮೂರು ಸಲವೂ ಸುಮ್ಮನೆ ಹೋದಳು. ಎರಡನೆಯ ವಾರ ಮಗಳು ಡಾಕ್ಟರನ್ನು ಕರೆತಂದಳು. ಅವರು ಆಕೆಯ ಕಣ್ಣಿಗೆ ಬೆಳಕು ಬಿಟ್ಟು, ಮೊಣಕಾಲು ತಟ್ಟಿ, ಕುರ್ಚಿಯಲ್ಲಿ ಕೂತರು.

"ಇದ್ದ ಒಂದು ಮಾತೂ ಹೋದ ಹಾಗಿದೆ. ಕೊನೇ ಸಲ ಮಾತಾಡಿದ್ದು ಯಾವಾಗ?"

"ಹೋದ ಬುಧವಾರದ ಹಿಂದಿನ ಬುಧವಾರ, ಮಧ್ಯಾಹ್ನ ನಾಲ್ಕಕ್ಕೆ," ಎಂದ ಸ್ಟೆನೊ.

"ಏನಂದ್ರು?"

"ನಾಯೀನ ಕರೆದಳು."

ಡಾಕ್ಟರು ಅದನ್ನು ಬರೆದುಕೊಳ್ಳಲಿಲ್ಲ.

ನಾಯಿ ಹತ್ತನೆಯ ದಿನ ಮಂಚದ ಕೆಳಗಿನಿಂದ ಹೊರಗೆ ಬಂದಿತ್ತು. ಈಗ ಅದು ಆಕೆಯ ಕೈಗೆ ತಲೆ ತಾಗುವಷ್ಟು ಹತ್ತಿರ ಮಲಗುತ್ತದೆ. ಅದಕ್ಕೆ ಹೆಸರಿಲ್ಲ. ಆಕೆ ಮತ್ತೆ ಮಾತಾಡಲಿಲ್ಲ.